ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ವ್ಯಾನಿನ ಅಡಿಗೆ ಹೋಗಿ ನೋಡಿ

ಹಳೆಯ ಕ್ಯಾಂಪರ್ ವ್ಯಾನ್ ಇಟ್ಟುಕೊಂಡಿರುವವರು, ವಿಶೇಷವಾಗಿ 1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ ಎರಡನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಟೈಪ್ 2 ಇರುವವರು, ಗೇರ್ ಸರಿಯಾಗಿ ಬೀಳುತ್ತಿಲ್ಲವೆಂದು ಗೇರ್‌ಬಾಕ್ಸ್ ಬಿಚ್ಚಿಸಲು ಒಪ್ಪುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನನ್ನ 1973ರ ವ್ಯಾನಿನಲ್ಲಿ ತೊಂದರೆ ಇದ್ದದ್ದು ಗೇರ್‌ಬಾಕ್ಸಿನ ಹೊರಗೆ, ಮೂರು ಸಣ್ಣ ಭಾಗಗಳಲ್ಲಿ. ಅದನ್ನು ಯಾರೂ ನೋಡಲಿಲ್ಲ, ನೋಡಿ ಎಂದು ನಾನೂ ಒತ್ತಾಯಿಸಲಿಲ್ಲ. ಹಾಗಾಗಿ ಚೆನ್ನಾಗಿದ್ದ ಗೇರ್‌ಬಾಕ್ಸೊಂದು ದುರಸ್ತಿಯ ಹೆಸರಿನಲ್ಲಿ ಹಾಳಾಯಿತು.

ತೊಂದರೆ ಶುರುವಾದದ್ದು ನಿಧಾನವಾಗಿ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿದರೆ ಗರಗರ ಸದ್ದು ಬರುತ್ತಿತ್ತು. ಕೆಲವು ವಾರಗಳ ನಂತರ ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗಲೂ ಹಲ್ಲುಗಳು ಕಚ್ಚಾಡಿದಂತಾಗುತ್ತಿತ್ತು. ಕೊನೆಗೆ, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೂರನೇ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರತೊಡಗಿತು. ಎಂಜಿನ್ನಿನ ಹಿಡಿತವಿಲ್ಲದೆ ತುಂಬಿದ ವ್ಯಾನ್ ಇಳಿಜಾರಿನಲ್ಲಿ ವೇಗ ಹೆಚ್ಚಿಸಿಕೊಳ್ಳುವಾಗ ಆಗುವ ಭಯವನ್ನು ಅನುಭವಿಸಿದವರೇ ಬಲ್ಲರು. ಆ ಭಯದಲ್ಲಿಯೇ ಗಾಡಿಯನ್ನು ಅವಸರವಾಗಿ ಒಂದು ಗ್ಯಾರೇಜಿಗೆ ಒಪ್ಪಿಸಿದೆ.

ಅಲ್ಲಿನವರು ಹತ್ತು ನಿಮಿಷ ಗಾಡಿ ಓಡಿಸಿ ಬಂದು, ಸಿಂಕ್ರೊ ರಿಂಗ್‌ಗಳು ಸವೆದಿವೆ, ಪೂರ್ತಿ ಓವರ್‌ಹಾಲ್ ಮಾಡಬೇಕು ಎಂದರು. ಗೇರ್ ಬದಲಿಸುವಾಗ ಒಳಗಿನ ಭಾಗಗಳ ವೇಗವನ್ನು ಸರಿದೂಗಿಸಿ ಹಲ್ಲುಗಳು ಸದ್ದಿಲ್ಲದೆ ಕೂಡುವಂತೆ ಮಾಡುವ ಬಳೆಗಳಿವು. ಐವತ್ತು ವರ್ಷ ಹಳೆಯ ಗೇರ್‌ಬಾಕ್ಸ್ ಸವೆದಿರಲೇಬೇಕು ಎಂಬ ಮಾತು ಕೇಳುವುದಕ್ಕೆ ಸಮಂಜಸವಾಗಿಯೇ ಇತ್ತು. ಗಾಡಿಯ ಅಡಿಗೆ ಇಳಿದು ನೋಡದೆ, ಕ್ಲಚ್ ಪೆಡಲನ್ನು ಒತ್ತಿ ಅಳೆಯದೆ ಕೊಟ್ಟ ಆ ತೀರ್ಮಾನಕ್ಕೆ ನಾನು ಒಪ್ಪಿಬಿಟ್ಟೆ.

ಈ ವ್ಯಾನಿನ ಗೇರ್‌ಬಾಕ್ಸನ್ನು ಬಿಚ್ಚುವುದು ಸಾಮಾನ್ಯ ಕೆಲಸವಲ್ಲ ಎಂಬುದು ನನಗೆ ಆಗ ಅರ್ಥವಾಗಿರಲಿಲ್ಲ. ಎಂಜಿನ್ ಹಿಂದೆ ಇರುವುದರಿಂದ, ನಾಲ್ಕು ಗೇರುಗಳ ಪೆಟ್ಟಿಗೆಯೂ ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲೂ ಒಂದೇ ಮೆಗ್ನೀಸಿಯಂ ಮಿಶ್ರಲೋಹದ ಕವಚದೊಳಗೆ ಕುಳಿತಿವೆ. ಅಂದರೆ ಸಿಂಕ್ರೊ ರಿಂಗ್ ಬದಲಿಸಲು ಹೊರಟವರು ಡಿಫರೆನ್ಷಿಯಲ್ಲಿಗೆ ಬಲ ಒಯ್ಯುವ ಸಣ್ಣ ಹಲ್ಲುಚಕ್ರವಾದ ಪಿನಿಯನ್ನನ್ನೂ ಅದು ತಿರುಗಿಸುವ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲನ್ನೂ ಕದಲಿಸಲೇಬೇಕಾಗುತ್ತದೆ. ಇವೆರಡೂ ಜೋಡಿಯಾಗಿಯೇ ತಯಾರಾದ, ಜೋಡಿಯಾಗಿಯೇ ಬದಲಿಸಬೇಕಾದ ಭಾಗಗಳು. ಅವುಗಳ ಹಲ್ಲುಗಳ ನಡುವೆ ಇರಬೇಕಾದ ಸಡಿಲ ಒಂದು ಮಿಲಿಮೀಟರಿನ ಕಾಲು ಭಾಗವನ್ನು ಮೀರಬಾರದು. ಆ ಸಡಿಲವನ್ನೂ ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದನ್ನೂ ಕಾಗದದಷ್ಟು ತೆಳ್ಳಗಿನ ಶಿಮ್‌ಗಳೆಂಬ ಲೋಹದ ಬಿಲ್ಲೆಗಳಿಂದ ಹೊಂದಿಸಬೇಕು. ಬೇರಿಂಗ್ ಬದಲಿಸಿದರೆ ಹಳೆಯ ಶಿಮ್‌ಗಳ ಲೆಕ್ಕ ಕೆಡುತ್ತದೆ, ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್ ಇಟ್ಟು ಮತ್ತೆ ಅಳೆಯಲೇಬೇಕು. ನನ್ನ ಗೇರ್‌ಬಾಕ್ಸಿಗೆ ಹೊಸ ಬೇರಿಂಗ್‌ಗಳನ್ನು ಹಾಕಿದರು, ಹಳೆಯ ಶಿಮ್‌ಗಳನ್ನೇ ಇದ್ದ ಜಾಗಕ್ಕೆ ಇಟ್ಟು ಮುಚ್ಚಿದರು. ಅಳತೆಯ ಒಂದು ಸಾಲೂ ಬಿಲ್ಲಿನಲ್ಲಿ ಇರಲಿಲ್ಲ. ಹಳೆಯ ಸಿಂಕ್ರೊ ರಿಂಗ್‌ಗಳನ್ನು ಕೇಳಿದಾಗ ಎಸೆದುಬಿಟ್ಟೆವು ಎಂದರು.

ಗಾಡಿ ಮನೆಗೆ ಬಂದ ದಿನವೇ ರಿವರ್ಸ್ ಮೊದಲಿನಂತೆಯೇ ಗರಗರ ಎಂದಿತು. ಮೂರನೇ ಗೇರ್ ಮೊದಲಿನಂತೆಯೇ ಹಾರಿತು. ಅದರ ಜೊತೆಗೆ ಹಿಂದೆ ಎಂದೂ ಇಲ್ಲದ ಒಂದು ಸಣ್ಣ ಊಳು ಸೇರಿಕೊಂಡಿತ್ತು; ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಫೋನ್ ಮಾಡಿದರೆ, ಹೊಸ ಭಾಗಗಳು ಹೊಂದಿಕೊಳ್ಳಬೇಕು, ಸಾವಿರ ಕಿಲೋಮೀಟರ್ ಓಡಿಸಿ ಎಂಬ ಉತ್ತರ ಬಂತು. ನಾನು ನಂಬಿ ಓಡಿಸಿದೆ. ಇಡೀ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಪಿನಿಯನ್ ಮತ್ತು ಕ್ರೌನ್ ವೀಲಿನ ಹೊಂದಾಣಿಕೆ ತಪ್ಪಿ ಡಿಫರೆನ್ಷಿಯಲ್ಲಿನಲ್ಲಿ ಏಳುವ ಊಳು ಓಡಿಸಿದರೆ ಕಡಿಮೆಯಾಗುವಂಥದ್ದಲ್ಲ. ಅದು ಕೇಳಿದ ದಿನವೇ ಗಾಡಿ ನಿಲ್ಲಿಸಿದ್ದರೆ ಕ್ರೌನ್ ವೀಲಾದರೂ ಉಳಿಯುತ್ತಿತ್ತೇನೋ.

ಕೊನೆಗೆ ಈ ಗಾಡಿಗಳಲ್ಲೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ನಾನು ಕೀಲಿ ಕೊಡಲು ಹೋದರೆ ಅವರು, "ಓಡಿಸುವುದು ಆಮೇಲೆ, ಮೊದಲು ಅಡಿಗೆ ಹೋಗಿ ನೋಡೋಣ ಬನ್ನಿ" ಎಂದು ನನ್ನನ್ನೂ ಕರೆದರು. ಚಾಲಕನ ಪಕ್ಕದ ಗೇರ್ ಲಿವರಿನಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಗಾಡಿಯ ಅಡಿಯಲ್ಲಿ ಉದ್ದನೆಯ ರಾಡ್ ಸಾಗುತ್ತದೆ, ಅದನ್ನು ನೇರವಾಗಿ ಹಿಡಿದಿಡಲು ಒಂದು ಪ್ಲಾಸ್ಟಿಕ್ ಬುಷ್ ಇರುತ್ತದೆ. ಅವರು ಅದನ್ನು ಬೆರಳಿನಿಂದ ಮುಟ್ಟಿದ್ದೇ ತಡ, ಹಳೆಯ ಹಪ್ಪಳದಂತೆ ಪುಡಿಯಾಗಿ ನನ್ನ ಎದೆಯ ಮೇಲೆ ಉದುರಿತು. ರಾಡನ್ನು ಹಿಡಿದು ಅಲ್ಲಾಡಿಸಿದರೆ ಹೆಬ್ಬೆರಳಿನ ದಪ್ಪದಷ್ಟು ಆಚೀಚೆ ಓಡಾಡುತ್ತಿತ್ತು. ಹಾಗಿರುವಾಗ ಲಿವರ್ ತನ್ನ ಕೊನೆ ಮುಟ್ಟಿದರೂ ಒಳಗಿನ ಗೇರ್ ಅರ್ಧವಷ್ಟೇ ಕೂರುತ್ತದೆ.

ಎರಡನೆಯದು ಗೇರ್‌ಬಾಕ್ಸಿನ ಮುಂಭಾಗವನ್ನು ಹೊತ್ತಿರುವ ರಬ್ಬರ್ ಮೌಂಟ್. ಸಣ್ಣ ಸಲಾಕೆಯಿಂದ ಮೀಟಿದಾಗ ರಬ್ಬರು ಲೋಹದಿಂದ ಬಿಟ್ಟುಕೊಂಡು ಬಾಯಿ ತೆರೆಯಿತು. ಲಿವರ್ ಇರುವುದು ಬಾಡಿಯ ಮೇಲೆ, ಗೇರ್‌ಬಾಕ್ಸ್ ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರು ಹರಿದರೆ ಎಂಜಿನ್ ಎಳೆದಾಗ ಮತ್ತು ಬಿಟ್ಟಾಗ ಗೇರ್‌ಬಾಕ್ಸ್ ಹಿಂದೆ ಮುಂದೆ ಸರಿಯುತ್ತದೆ, ರಾಡ್ ಮಾತ್ರ ಇದ್ದಲ್ಲೇ ಇರುತ್ತದೆ, ಅರ್ಧ ಕೂತ ಗೇರ್ ಹಾರಿಬೀಳುತ್ತದೆ. ಕಾಲು ತೆಗೆದ ಕೂಡಲೇ ಮೂರನೇ ಗೇರ್ ಏಕೆ ಹಾರುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲೇ ಕಣ್ಣೆದುರು ಇತ್ತು.

ಮೂರನೆಯದು ಕ್ಲಚ್ ಕೇಬಲ್. ಹಿಂದಿನ ತುದಿಯಲ್ಲಿ ಅದರ ಎಳೆಗಳು ಅರ್ಧದಷ್ಟು ಹರಿದು ನಿಂತಿದ್ದವು. ಸುಮಾರು 20 ಮಿಲಿಮೀಟರ್ ಇರಬೇಕಾದ ಪೆಡಲಿನ ಸಡಿಲ 50ನ್ನು ದಾಟಿತ್ತು, ಹೀಗಾಗಿ ಪೆಡಲನ್ನು ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಇದನ್ನು ಪರೀಕ್ಷಿಸುವ ವಿಧಾನವನ್ನು ಅವರು ಅಲ್ಲೇ ತೋರಿಸಿದರು, ಅದಕ್ಕೆ ಉಪಕರಣವೇ ಬೇಡ. ಈ ಗೇರ್‌ಬಾಕ್ಸಿನಲ್ಲಿ ಮುಂದಿನ ನಾಲ್ಕೂ ಗೇರುಗಳಿಗೆ ಸಿಂಕ್ರೊ ಇದೆ, ರಿವರ್ಸ್‌ಗೆ ಇಲ್ಲ. ಗಾಡಿ ನಿಂತಿರುವಾಗ, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ, ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಬೇಕು. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಆಗಲೂ ಗರಗರ ಎಂದರೆ ಮೊದಲು ಕ್ಲಚ್ಚನ್ನು ಮತ್ತು ಅದರ ಕೇಬಲನ್ನು ನೋಡಬೇಕು. ಆ ಸದ್ದಿಗೆ ಸಿಂಕ್ರೊ ರಿಂಗನ್ನು ದೂರುವಂತಿಲ್ಲ, ಏಕೆಂದರೆ ರಿವರ್ಸ್‌ನಲ್ಲಿ ಅದು ಇಲ್ಲವೇ ಇಲ್ಲ.

ಬುಷ್, ಮೌಂಟ್, ಕೇಬಲ್ ಮೂರನ್ನೂ ಬದಲಿಸಿ, ಲಿವರಿನ ಜೋಡಣೆ ಸರಿಪಡಿಸಿದ ಮೇಲೆ ಗೇರುಗಳೆಲ್ಲ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು. ಆದರೆ ಊಳು ಹೋಗಲಿಲ್ಲ. ಎಣ್ಣೆ ಇಳಿಸಿದಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಮುಳ್ಳಿನಂತೆ ಅಂಟಿ ನಿಂತಿದ್ದವು. ಬೂದು ಬಣ್ಣದ ನುಣುಪಾದ ಕೆಸರು ಸಹಜ ಸವೆತವೆಂದೂ ಕೈಗೆ ಚುಚ್ಚುವ ಚೂರು ಬಂದರೆ ಗಾಡಿಯನ್ನು ಓಡಿಸಲೇಬಾರದೆಂದೂ ಅವರು ಹೇಳಿದರು. ಎಣ್ಣೆಯೂ ತಪ್ಪಾಗಿತ್ತು. ಹಳೆಯ ಸಿಂಕ್ರೊ ರಿಂಗ್‌ಗಳಲ್ಲಿ ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹ ಇರುವುದರಿಂದ ಈ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ, 80ಡಬ್ಲ್ಯೂ-90 ಮಂದತೆಯ ಗೇರ್ ಎಣ್ಣೆ ಬೇಕು. ನನ್ನದಕ್ಕೆ ಜಿಎಲ್-5 ತುಂಬಿದ್ದರು. ಅದರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆ ಹೆಚ್ಚು, ಅವು ತಾಮ್ರದ ಲೋಹಗಳನ್ನು ಕೊರೆಯಬಲ್ಲವು. ಪ್ರಮಾಣದಲ್ಲೂ ಕೊರತೆಯಿತ್ತು. ಸುಮಾರು 3.5 ಲೀಟರ್ ಹಿಡಿಯುವ ಈ ಪೆಟ್ಟಿಗೆಗೆ ಅವಸರದಲ್ಲಿ ಎಣ್ಣೆ ಹೊಯ್ದರೆ ಅದು ಒಳಗೆಲ್ಲ ಹರಡುವ ಮೊದಲೇ ಫಿಲ್ಲರ್ ರಂಧ್ರದಿಂದ ಹೊರಚೆಲ್ಲಿ ತುಂಬಿದಂತೆ ತೋರುತ್ತದೆ. ಕೆಲವು ನಿಮಿಷ ಕಾದು ಮತ್ತೆ ಹೊಯ್ಯಬೇಕು. ಇನ್ನೊಂದು ಮಾತು, ಎಣ್ಣೆಯನ್ನು ನೀವೇ ಬದಲಿಸುವುದಾದರೆ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಅದಕ್ಕೆ 17 ಮಿಲಿಮೀಟರಿನ ಆಲನ್ ಕೀ ಬೇಕು. ಎಣ್ಣೆ ಇಳಿಸಿದ ಮೇಲೆ ಅದು ಕದಲದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಮತ್ತೆ ಹಾಕುವಾಗ ಅತಿಯಾಗಿ ಬಿಗಿಯಬೇಡಿ, ಮೆಗ್ನೀಸಿಯಂ ಕವಚದ ಥ್ರೆಡ್ ಬೇಗ ಹರಿಯುತ್ತದೆ.

ಒಳಗಿನ ದೋಷ ಇರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬುಷ್, ಮೌಂಟ್, ಕ್ಲಚ್, ಎಣ್ಣೆ ಎಲ್ಲವೂ ಸರಿಯಿದ್ದು ಗೇರ್ ಹಾರುತ್ತಿದ್ದರೆ ಹಲ್ಲುಗಳೋ ಒಳಗೆ ಗೇರುಗಳನ್ನು ಸರಿಸುವ ಫೋರ್ಕೋ ಸವೆದಿರಬಹುದು, ಆಗ ಬಿಚ್ಚಲೇಬೇಕು. ಆದರೆ ಒಪ್ಪುವ ಮೊದಲು, ಶಿಮ್‌ಗಳನ್ನು ಯಾವುದರಿಂದ ಅಳೆಯುತ್ತೀರಿ, ಫೋರ್ಕ್‌ಗಳನ್ನು ಹೊಂದಿಸುವ ಜಿಗ್ ಎಂಬ ಚೌಕಟ್ಟು ನಿಮ್ಮಲ್ಲಿದೆಯೇ ಎಂದು ನೇರವಾಗಿ ಕೇಳಿ. ಅಳತೆಗಳನ್ನು ಬರೆದು ಕೊಡಬೇಕೆಂದೂ ತೆಗೆದ ಪ್ರತಿಯೊಂದು ಭಾಗವನ್ನು ಹಿಂದಿರುಗಿಸಬೇಕೆಂದೂ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಕೇಳಿದ್ದಕ್ಕೆ ಬೇಸರಿಸುವವರ ಕೈಗೆ ಗಾಡಿ ಕೊಡಬೇಡಿ.

ನನ್ನ ಕ್ರೌನ್ ವೀಲಿನ ಹಲ್ಲುಗಳ ಒಂದು ಅಂಚು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರ ಪಕ್ಕದಲ್ಲೇ ಸಣ್ಣ ಗುಳಿಗಳೆದ್ದಿದ್ದವು. ಅದಕ್ಕೆ ಸರಿಹೊಂದುವ ಜೋಡಿಗಾಗಿ ಹುಡುಕುತ್ತಿದ್ದೇನೆ. ಅದು ಸಿಗುವವರೆಗೆ ವ್ಯಾನ್ ಹಿಂದಿನ ಚಕ್ರಗಳನ್ನು ಎತ್ತಿಕೊಂಡು ಸ್ಟ್ಯಾಂಡುಗಳ ಮೇಲೆ ನಿಂತಿರುತ್ತದೆ.