ಮಳೆಗಾಲದಲ್ಲೂ ಶುಗರ್ ಸೆನ್ಸರ್ ಹಿಡಿದಿಟ್ಟ ಬಟ್ಟೆ ಪ್ಯಾಚ್

ಶುಗರ್ ಎಷ್ಟಿದೆ ಎಂದು ಫೋನಿನಲ್ಲಿ ತೋರಿಸುವ ಶುಗರ್ ಸೆನ್ಸರ್ ತೋಳಿಗೆ ಹಾಕಿಕೊಳ್ಳುವವರು ನಮ್ಮ ಮಲೆನಾಡಿನ ಕಡೆಯವರಾದರೆ, ಅದು ಕಿತ್ತು ಬರದಂತೆ ಮೇಲೆ ಅಂಟಿಸಲು ಬಟ್ಟೆಯ ಪ್ಯಾಚ್ ತಗೊಳ್ಳಿ, ಪ್ಲಾಸ್ಟಿಕ್ ಹಾಳೆಯಂಥದ್ದು ಬೇಡ. ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿ, ಇಡೀ ಮಳೆಗಾಲ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಚಿಕ್ಕಮಗಳೂರು ಪೇಟೆಯಲ್ಲಿ ನಾನು ಕೇಳಿದ ಮೆಡಿಕಲ್‌ಗಳಲ್ಲಿ ಇಂಥ ಪ್ಯಾಚ್ ಸಿಗಲಿಲ್ಲ.

ನನಗೆ ಟೈಪ್ 1 ಡಯಾಬಿಟಿಸ್. ಕೆಲಸ ಆಲ್ದೂರು ಕಡೆ ಕಾಫಿ ತೋಟದಲ್ಲಿ. ಮಳೆ ಹಿಡಿದರೆ ರೈನ್‌ಕೋಟಿನ ಹೊರಗೆ ನೀರು, ಒಳಗೆ ಬೆವರು. ಸೆನ್ಸರ್ 14 ದಿನ ಇರಬೇಕು. ಆದರೆ ಈ ಒದ್ದೆಗೆ ಅಂಟಿನ ಅಂಚು ಮೊದಲು ಏಳುತ್ತದೆ, ಎದ್ದ ಅಂಚಿಗೆ ಅಂಗಿ ತೋಳು ಸಿಕ್ಕಿಕೊಳ್ಳುತ್ತದೆ, ರೈನ್‌ಕೋಟ್ ಬಿಚ್ಚುವಾಗ ಸೆನ್ಸರೂ ಜೊತೆಗೇ ಬರುತ್ತದೆ. ಚರ್ಮದೊಳಗೆ ಇರುವ ಆ ಸಣ್ಣ ಎಳೆ ಒಂಚೂರು ಹೊರಗೆ ಬಂದರೂ ಫೋನಿನಲ್ಲಿ ತೋರಿಸುವ ಶುಗರ್ ನಂಬುವಂತಿಲ್ಲ, ಬೆರಳು ಚುಚ್ಚಿಯೇ ನೋಡಬೇಕು. ಕಿತ್ತು ಬಂದದ್ದನ್ನು ಮತ್ತೆ ಹಾಕಿಕೊಳ್ಳಲೂ ಆಗುವುದಿಲ್ಲ. ಸಾವಿರಾರು ರೂಪಾಯಿ ಹೋಯಿತು, ಸರಿ. ರಾತ್ರಿ ಶುಗರ್ ಇಳಿದರೆ ಎಬ್ಬಿಸುವ ಅಲಾರಂ ಇಲ್ಲದೆ ಮಲಗಬೇಕಲ್ಲ, ನನಗೆ ಅದೇ ದೊಡ್ಡ ಚಿಂತೆ.

ಪ್ಲಾಸ್ಟಿಕ್ ಪ್ಯಾಚ್ ಹೊರಗಿನ ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಬೆವರಿನದು. ಕೆಲಸ ಜೋರಾದಾಗ ಬೆವರು ಒಳಗೇ ನಿಂತು ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ, ನವೆ ಶುರುವಾಗುತ್ತದೆ, ಆಮೇಲೆ ಅಂಚು ಸುರುಳಿ ಸುತ್ತಿಕೊಂಡು ಬರುತ್ತದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಸಾಕಾಗಬಹುದು.

ಬಟ್ಟೆಯದ್ದು ಆಟಗಾರರು ಮೊಣಕಾಲಿಗೆ ಅಂಟಿಸುವ ಟೇಪಿನ ಜಾತಿಯದು. ತೋಳು ಆಡಿಸಿದಂತೆ ತಾನೂ ಹಿಗ್ಗುತ್ತದೆ, ಬೆವರು ಆರುವುದಕ್ಕೂ ಬಿಡುತ್ತದೆ. ದುಂಡಗಿರುವುದನ್ನೇ ಆರಿಸಿ, ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ನನ್ನ ಸೆನ್ಸರಿನ ಮಧ್ಯೆ ಒಂದು ಸಣ್ಣ ತೂತಿದೆ, ಅದನ್ನು ಮುಚ್ಚಬಾರದು. ಹಾಗಾಗಿ ನಡುವೆ ಖಾಲಿ ಬಿಟ್ಟಿರುವ ಪ್ಯಾಚೇ ಬೇಕು.

ಒಂದು ಮಾತು. ಪ್ಯಾಚ್ ಎಷ್ಟೇ ಒಳ್ಳೆಯದಿರಲಿ, ಚರ್ಮದಲ್ಲಿ ಎಣ್ಣೆ ಇದ್ದರೆ ಸುಮ್ನೆ ದುಡ್ಡು ದಂಡ. ನಾನು ರಾತ್ರಿ ಸ್ನಾನ ಮಾಡಿ, ಆ ಜಾಗದ ಕೂದಲು ತೆಗೆದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆನ್ಸರ್ ಹಾಕುತ್ತೇನೆ. ಪ್ಯಾಚನ್ನು ಎಳೆದು ಅಂಟಿಸಬಾರದು, ಎಳೆದರೆ ಅದು ವಾಪಸ್ ಕುಗ್ಗುವಾಗ ಅಂಚೂ ಏಳುತ್ತದೆ, ಚರ್ಮವೂ ಕೆಂಪಾಗುತ್ತದೆ. ಹಾಗೇ ಇಟ್ಟು, ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬೆಳಗ್ಗೆ ತೋಟಕ್ಕೆ ಹೊರಡುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಇಷ್ಟವಾಗದ್ದೂ ಇದೆ. ಹಿಂದಿನ ಕಾಗದ ಎರಡು ಅರ್ಧವಾಗಿ ಬಿಡುತ್ತದೆ. ಮೊದಲ ಅರ್ಧ ಅಂಟಿಸುವುದು ಸುಲಭ, ಎರಡನೆಯದರ ಕಾಗದ ಎಳೆಯುವಾಗ ಬಟ್ಟೆ ಮಡಚಿ ತನಗೆ ತಾನೇ ಅಂಟಿಕೊಳ್ಳುತ್ತದೆ. ತೋಳಿನ ಹಿಂಭಾಗ ಬೇರೆ, ಕಾಣುವುದಿಲ್ಲ. ನನಗೆ ಅಮ್ಮ ಹಾಕಿಕೊಡುತ್ತಾರೆ, ಒಬ್ಬರೇ ಇರುವವರಿಗೆ ಕಷ್ಟ. ನೆನೆದರೆ ಆರುವುದೂ ನಿಧಾನ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ತಿಳಿ ಬಣ್ಣದ್ದರ ಮೇಲೆ ಮಣ್ಣಿನ ಕಲೆ ಜಾಸ್ತಿ ಕಾಣುತ್ತದೆ, ಕಪ್ಪು ತಗೊಳ್ಳಿ.

ಬಿಚ್ಚುವಾಗ ಅವಸರ ಬೇಡ. ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚರ್ಮವನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ಮಡಚುತ್ತಾ ತೆಗೆಯಿರಿ. ಮುಂದಿನದು ಇನ್ನೊಂದು ತೋಳಿಗೆ. ಅಂಟು ಎಲ್ಲರಿಗೂ ಒಗ್ಗುವುದಿಲ್ಲ, ಮೊದಲು ಒಂದು ತುಂಡು ಅಂಟಿಸಿ ಒಂದು ದಿನ ನೋಡಿ. ಗುಳ್ಳೆ ಎದ್ದರೆ ತೆಗೆದು ಡಾಕ್ಟರಿಗೆ ತೋರಿಸಿ.

5ಕ್ಕೆ 4 ಕೊಡುತ್ತೇನೆ. ಸಣ್ಣ ಪ್ಯಾಕೇ ತಗೊಳ್ಳಿ, ತೆರೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜುಲೈ ಥಂಡಿಗೆ ಕಾಗದ ಮೆತ್ತಗಾದರೆ ಅಂಟಿನಿಂದ ಬಿಡಿಸುವುದೇ ಕಷ್ಟ.