ಹಿಂಬದಿ ತೋರಿಸದ ರತ್ನಗಂಬಳಿ ತುಂಡನ್ನು ಕೊಳ್ಳಬೇಡಿ

ಹಳೆಯ ಬುಡಕಟ್ಟು ರತ್ನಗಂಬಳಿಗಳ ತುಂಡುಗಳನ್ನು ಹುಡುಕಿ ತಂದು ಗೋಡೆಗೆ ಹಾಕುವ ಆಸೆ ನಿಮಗೂ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮೋಸ ಹೋದೆ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಅದನ್ನೂ ಹೇಳುತ್ತೇನೆ.

ನಾನು ಕೊಂಡ ತುಂಡು ಮೂರು ಗೇಣು ಅಗಲ, ಎರಡು ಗೇಣು ಎತ್ತರ. ಕಡುಗೆಂಪು ನೆಲದ ಮೇಲೆ ಎರಡು ಪೂರ್ತಿ ಗುಲ್, ಪಕ್ಕದಲ್ಲಿ ಅರ್ಧಕ್ಕೆ ಕತ್ತರಿಸಿ ಹೋದ ಇನ್ನೊಂದು. ಗುಲ್ ಅಂದರೆ ಮಧ್ಯ ಏಷ್ಯಾದ ತುರ್ಕಮೆನ್ ಜನ ನೇಯುವ ಪದಕದಂಥ ಚಿತ್ರ. ಇದು ತುರ್ಕಮೆನ್ನರಲ್ಲೇ ಒಂದಾದ ಟೆಕ್ಕೆ ಪಂಗಡದ ಹೆಂಗಸರು ನೇಯ್ದ ಚುವಾಲ್‌ನ ಮುಖಭಾಗ ಅಂತ ಮಾರಿದವರು ಹೇಳಿದರು. ಚುವಾಲ್ ಎಂದರೆ ಗುಡಾರದ ಒಳಗೆ ಬಟ್ಟೆಬರೆ ತುಂಬಿ ನೇತು ಹಾಕುವ ದೊಡ್ಡ ಚೀಲ. 1881ರ ಜನವರಿಯಲ್ಲಿ ಟೆಕ್ಕೆಗಳ ಗೋಕ್ ಟೆಪೆ ಕೋಟೆ ರಷ್ಯಾದ ಸೈನ್ಯಕ್ಕೆ ಬಿತ್ತಲ್ಲ, ಅದಕ್ಕೂ ಮೊದಲಿನದು ಎಂದರು. ಆ ಇತಿಹಾಸ ನನಗೆ ಗೊತ್ತಿತ್ತು. ಹಾಗಾಗಿಯೇ ನಂಬಿಬಿಟ್ಟೆ.

ತುಂಡನ್ನು ಒಂದು ಹಲಗೆಗೆ ಅಂಟಿಸಿ ಫ್ರೇಮ್ ಹಾಕಿದ್ದರು. ಹಿಂಬದಿ ನೋಡಬಹುದಾ ಅಂತ ಕೇಳಿದೆ. ಬಿಚ್ಚಿದರೆ ಹಾಳಾಗುತ್ತದೆ, ಮ್ಯೂಸಿಯಂಗಳಲ್ಲೂ ಹೀಗೇ ಅಂಟಿಸುತ್ತಾರೆ ಎಂದರು. ಇದು ಶುದ್ಧ ಸುಳ್ಳು. ಜವಳಿ ಸಂರಕ್ಷಣೆ ಬಲ್ಲವರು ಹಳೆಯ ತುಂಡನ್ನು ಹೀಗೆ ಹಲಗೆಗೆ ಅಂಟಿಸುವುದಿಲ್ಲ. ಲಿನನ್ ಅಥವಾ ಹತ್ತಿ ಬಟ್ಟೆಯ ಮೇಲಿಟ್ಟು ಸಣ್ಣ ಹೊಲಿಗೆ ಹಾಕುತ್ತಾರೆ, ಬೇಕಾದಾಗ ಬಿಚ್ಚಲು ಬರುವ ಹಾಗೆ. ಅಂಟು ಕಂಡ ಕೂಡಲೇ ನಾನು ಎದ್ದು ಬರಬೇಕಿತ್ತು.

ಮೊದಲ ಅನುಮಾನ ಬಂದಿದ್ದು ಧೂಳು ಒರೆಸುವಾಗ. ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಸವೆದ ಜಾಗಕ್ಕೆ ಮೆಲ್ಲಗೆ ಒತ್ತಿದೆ. ಎತ್ತಿ ನೋಡಿದರೆ ಹತ್ತಿ ಕೆಂಪು ಮಿಶ್ರಿತ ಕಂದು! ಇನ್ನೊಂದು ಚೂರು ತಗೊಂಡು ಉಣ್ಣೆ ದಟ್ಟವಾಗಿದ್ದ ಕಡೆ ಒತ್ತಿದೆ. ಅಲ್ಲಿ ಬಣ್ಣ ಬಿಡಲಿಲ್ಲ. ಅಂದರೆ ಸವೆದ ಜಾಗಕ್ಕೆ ಮಾತ್ರ ಯಾರೋ ಶಾಯಿ ಬಳಿದಿದ್ದಾರೆ. ಯಾಕೆ ಅಂತ ಆಗ ಹೊಳೆಯಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಮೂಲೆ ತಾನಾಗಿ ಹಲಗೆ ಬಿಟ್ಟಿತು. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಒಳಗಿನ ಹಾಸು ನೂಲು, ಅಂದರೆ ಉಣ್ಣೆಯ ಗಂಟು ಹಾಕುವ ಉದ್ದದ ಎಳೆ, ಬೆಳ್ಳಗೆ, ನುಣ್ಣಗೆ, ಯಂತ್ರದಲ್ಲಿ ಹುರಿ ಮಾಡಿದಂತಿತ್ತು. ಒಂದು ಎಳೆ ಕಿತ್ತು ಸುಟ್ಟೆ. ಕಾಗದ ಸುಟ್ಟ ವಾಸನೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಹಾಸು ಹತ್ತಿಯದು! ಆ ಕಾಲದ ಟೆಕ್ಕೆಗಳು ಕುರಿ ಸಾಕಿ ಬದುಕುತ್ತಿದ್ದ ಜನ, ಅವರ ಚೀಲಗಳಲ್ಲಿ ಹಾಸೂ ಉಣ್ಣೆಯದೇ ಇರುತ್ತದೆ. ಹತ್ತಿಯ ಹಾಸಿನ ಮೇಲೆ ಟೆಕ್ಕೆ ಗುಲ್ ನೇಯುವುದು 'ಬೊಖಾರಾ' ಹೆಸರಿನಲ್ಲಿ ಪಾಕಿಸ್ತಾನದಿಂದ ಬರುವ ರತ್ನಗಂಬಳಿಗಳಲ್ಲಿ. ಅಂಥ ಯಾವುದೋ ಹೊಸ ಕಂಬಳಿಯನ್ನು ಕತ್ತರಿಸಿ, ಉಣ್ಣೆ ಕೆರೆದು ಹಳೆಯದು ಮಾಡಿದ್ದಾರೆ. ಕೆರೆದಾಗ ಬಿಳಿ ಹತ್ತಿ ಇಣುಕಿದೆ. ಅದನ್ನು ಮುಚ್ಚಲು ಶಾಯಿ, ಹಿಂಬದಿ ಮುಚ್ಚಲು ಅಂಟು.

ಈಗ ನೋಡಿದರೆ ಮುಂಬದಿಯಲ್ಲೂ ಸುಳಿವುಗಳಿದ್ದವು. ಎಷ್ಟೋ ಹಳೆಯ ತುಂಡುಗಳಲ್ಲಿ ಕಡುಕಂದು ಗೆರೆಗಳು ಉಳಿದ ಬಣ್ಣಗಳಿಗಿಂತ ತಗ್ಗಿರುತ್ತವೆ. ಆ ಬಣ್ಣ ಹಿಡಿಯಲು ಹಾಕಿದ ಕಬ್ಬಿಣದ ಅಂಶ ವರ್ಷಗಟ್ಟಲೆ ಉಣ್ಣೆಯನ್ನು ತಿನ್ನುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಆ ಹಳ್ಳ ತಿಳಿಯುತ್ತದೆ. ನನ್ನದರಲ್ಲಿ ಕಂದು, ಕೆಂಪು, ನೀಲಿ ಎಲ್ಲಾ ಒಂದೇ ಮಟ್ಟಕ್ಕೆ ಸವೆದಿದ್ದವು. ಉಣ್ಣೆ ಬಿಡಿಸಿ ಬುಡ ನೋಡಿದರೆ ತುದಿ ಮಾತ್ರ ಮಾಸಲು, ಅದರ ಕೆಳಗೆ ಗೆರೆ ಎಳೆದ ಹಾಗೆ ಥಟ್ಟನೆ ಗಾಢ ಬಣ್ಣ. ಬೆಳಕಿಗೆ ನಿಧಾನವಾಗಿ ಮಾಸಿದ್ದರೆ ಬಣ್ಣವೂ ನಿಧಾನವಾಗಿ ಇಳಿದಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾಸಾಯನಿಕ ಬಣ್ಣ ಕಂಡಿತು ಅಂತ ಸುಮ್ನೆ ಯಾವ ತುಂಡನ್ನೂ ತಳ್ಳಿಹಾಕಬೇಡಿ. ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಕೃತಕ ನೇರಳೆ ಬಣ್ಣ ಮಾಡಿದ್ದು 1856ರಲ್ಲಿ. ಆ ಶತಮಾನ ಮುಗಿಯುವಷ್ಟರಲ್ಲಿ ಇಂಥ ಬಣ್ಣಗಳು ಅಲೆಮಾರಿಗಳ ಮಗ್ಗಕ್ಕೂ ಬಂದಿದ್ದವು. ಪ್ರಾಮಾಣಿಕವಾಗಿ ನೇಯ್ದದ್ದರಲ್ಲೂ ಅವು ಸಿಗುತ್ತವೆ.

ಇನ್ನು ನಿಜವಾದ ನಷ್ಟದ ವಿಷಯ. ಆ ಮೂಲೆ ಎದ್ದಾಗ ಹಲಗೆ ಮತ್ತು ಉಣ್ಣೆಯ ಸಂದಿಯಿಂದ ಕೆಂಪು ಮರಳು ಉದುರಿತು. ಅದು ಮರಳಲ್ಲ, ನುಸಿಹುಳದ ಹಿಕ್ಕೆ. ಹುಳ ಯಾವ ಬಣ್ಣದ ಉಣ್ಣೆ ತಿಂದಿರುತ್ತದೋ ಹಿಕ್ಕೆಗೂ ಅದೇ ಬಣ್ಣ. ಕತ್ತಲಿರುವ, ಯಾರೂ ಮುಟ್ಟದ ಜಾಗ ಅದಕ್ಕೆ ಇಷ್ಟ. ಫ್ರೇಮ್‌ನ ಹಿಂದೆ ಅದು ಹಾಯಾಗಿ ಬೆಳೆದಿತ್ತು. ಅಷ್ಟರಲ್ಲಿ ಪಕ್ಕದ ಗೋಡೆಗೂ ಹೋಗಿತ್ತು. ಅಲ್ಲಿ ನನ್ನ ಬಲೂಚ್ ಚೀಲದ ಮುಖವಿತ್ತು. ಒಂಟೆ ಬಣ್ಣದ ನೆಲ, ಮಧ್ಯೆ ಒಂದು ಮರ. ನಾನು ಮೊದಲು ಕೊಂಡ ತುಂಡು, ಅಪ್ಪಟವಾದದ್ದು. ಮರದ ಎಡಗಡೆಯ ಕೊಂಬೆಗಳಲ್ಲಿ ಈಗ ಉಣ್ಣೆಯೇ ಇಲ್ಲ, ಬರೀ ಹಾಸುಹೊಕ್ಕು ಕಾಣುತ್ತದೆ. ಅದನ್ನು ನೇಯ್ದ ಕೈ ಮತ್ತೆ ಬರುವುದಿಲ್ಲ ಅಲ್ವಾ?

ಉಳಿದ ತುಂಡುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಗಿಂತ ತಣ್ಣಗಿರುವ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಲಿಲ್ಲ. ಬಿಚ್ಚಿದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ. ಇನ್ನು ಮುಂದೆ ಯಾವ ಹೊಸ ತುಂಡು ಬಂದರೂ ಇದನ್ನು ಮಾಡದೆ ಉಳಿದವುಗಳ ಹತ್ತಿರ ಬಿಡುವುದಿಲ್ಲ. ನುಸಿಗುಳಿಗೆ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ತೆರೆದ ಗೋಡೆಯ ಮೇಲೆ ಅದರಿಂದ ಏನೂ ಆಗುವುದಿಲ್ಲ.

ಮಾರಿದವರು ನನ್ನ ಪತ್ರಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದಾರೆ. ನೀವು ದುಡ್ಡು ಕೊಡುವ ಮೊದಲೇ ಹಿಂಬದಿಯ ಫೋಟೋ ಕೇಳಿ. ಗಂಟುಗಳು ಒಂದೊಂದಾಗಿ ಕಾಣುವಷ್ಟು ಹತ್ತಿರದ್ದು, ಅಂಚಿನಲ್ಲಿ ಹಾಸು ನೂಲು ಬಿಚ್ಚಿಕೊಂಡಿರುವ ಕಡೆಯದ್ದು. ಕೊಡಲ್ಲ ಅಂದರೆ ಬಿಟ್ಟುಬಿಡಿ, ಮುಂಬದಿ ಎಷ್ಟೇ ಚೆಂದ ಇರಲಿ. ಈಗಾಗಲೇ ನಿಮ್ಮ ಗೋಡೆಯ ಮೇಲೆ ಹಲಗೆಗೆ ಅಂಟಿಸಿದ ತುಂಡು ಇದ್ದರೆ ಇವತ್ತೇ ಇಳಿಸಿ, ಒಂದು ಬಿಳಿ ಕಾಗದದ ಮೇಲೆ ಫ್ರೇಮನ್ನು ಮೆಲ್ಲಗೆ ತಟ್ಟಿ ನೋಡಿ. ಬಣ್ಣದ ಮರಳು ಉದುರಿದರೆ ಪಕ್ಕದ ತುಂಡುಗಳನ್ನು ಮೊದಲು ಎತ್ತಿಡಿ.