ಪೀಟರ್‌ಬಿಲ್ಟ್ 389 ಗ್ಲೈಡರ್: ಹೊಸ ಮೈಯೊಳಗಿನ ಹಳೇ ಇಂಜಿನ್‌ಗೆ ಎಷ್ಟು ಬೆಲೆ ಕಟ್ಟಬೇಕು?

ನಮ್ಮ ಕಡೆ ಇಂಜಿನ್ ಕೂತ ಚಾಸಿ ತಂದು ಕ್ಯಾಬಿನ್ನು, ಬಾಡಿ ಹೊರಗಡೆ ಕಟ್ಟಿಸುವುದು ಹಳೇ ರೂಢಿ. ಅಮೆರಿಕದ ಗ್ಲೈಡರ್ ಇದರ ಉಲ್ಟಾ. ಫ್ಯಾಕ್ಟರಿಯಿಂದ ಹೊಸ ಚಾಸಿ, ಕ್ಯಾಬಿನ್, ಮುಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕ್, ವೈರಿಂಗ್ ಎಲ್ಲ ಬರುತ್ತವೆ, ಇಂಜಿನ್, ಗೇರ್ ಬಾಕ್ಸ್ ಮತ್ತು ಸಾಮಾನ್ಯವಾಗಿ ಹಿಂದಿನ ಡ್ರೈವ್ ಆಕ್ಸಲ್ ಬರುವುದಿಲ್ಲ. ಅಪಘಾತವಾದ ಅಥವಾ ಮೈ ಸವೆದ ಹಳೇ ಲಾರಿಯಿಂದ ಅವನ್ನು ಇಳಿಸಿ, ಬಿಚ್ಚಿ ಕಟ್ಟಿ ಕೂರಿಸುತ್ತಾರೆ. ಪೀಟರ್‌ಬಿಲ್ಟ್, ಕೆನ್‌ವರ್ತ್, ಫ್ರೈಟ್‌ಲೈನರ್ ಮೂರೂ ಕಂಪನಿಗಳು ಇಂಥ ಕಿಟ್ ಮಾರಿವೆ. ಇಲ್ಲಿ ನೋಡುತ್ತಿರುವುದು ಉದ್ದ ಮೂತಿಯ 389, ಅದರಲ್ಲೂ ಡೆಟ್ರಾಯಿಟ್ ಸೀರೀಸ್ 60ರ 12.7 ಲೀಟರ್ ಇಂಜಿನ್ ಹಾಕಿದ್ದು.

ಈ ಇಂಜಿನ್‌ಗೇ ಯಾಕೆ ಇಷ್ಟು ಬೇಡಿಕೆ? 2002ರ ಅಕ್ಟೋಬರ್ ನಂತರ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವ್ಯವಸ್ಥೆ) ಬಂತು, 2007ಕ್ಕೆ ಹೊಗೆ ಫಿಲ್ಟರ್, 2010ಕ್ಕೆ ಹೊಗೆ ಶುದ್ಧ ಮಾಡುವ ಯೂರಿಯಾ ಟ್ಯಾಂಕ್. ಸೆನ್ಸರ್ ಒಂದು ಕೆಟ್ಟರೂ ಲಾರಿ ಉಸಿರು ಕಳೆದುಕೊಂಡು ವರ್ಕ್‌ಶಾಪ್ ಮುಂದೆ ನಿಲ್ಲುವ ಕಾಲ. ಅದಕ್ಕಿಂತ ಹಿಂದಿನ, ಡಿಡೆಕ್-4 ಕಂಪ್ಯೂಟರಿನ 12.7ಕ್ಕೆ ಇವು ಯಾವುವೂ ಇಲ್ಲ. 500 ಎಚ್‌ಪಿ, 1,650 ಪೌಂಡ್-ಅಡಿ ಟಾರ್ಕ್‌ವರೆಗೂ ಸಿಗುತ್ತದೆ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. 2018ರಿಂದ ಸಣ್ಣ ತಯಾರಕರಿಗೆ ಹಳೇ ಇಂಜಿನ್ ಹಾಕಿದ ಗ್ಲೈಡರ್ ವರ್ಷಕ್ಕೆ 300 ಮೀರಬಾರದೆಂಬ ಮಿತಿ ಬಿತ್ತು. ಹಾಗಾಗಿ ಮಾರುಕಟ್ಟೆಯಲ್ಲಿ ಕಾಣುವುದು ಹೆಚ್ಚಾಗಿ ಅದಕ್ಕಿಂತ ಹಿಂದೆ ಕಟ್ಟಿದ ಸೆಕೆಂಡ್ ಹ್ಯಾಂಡ್ ಲಾರಿಗಳು.

ಕ್ಯಾಬಿನ್ ಬಗ್ಗೆ ಹೇಳುವುದು ಕಡಿಮೆ. 389ರ ಮೈ ಗಟ್ಟಿ, ಬಾನೆಟ್ ಎತ್ತಿದರೆ ಕೈಯಾಡಿಸಲು ಜಾಗ ಧಾರಾಳ. ಮಾರುವವರು ತೋರಿಸುವುದೂ ಅದನ್ನೇ: ಹೊಳೆಯುವ ಕ್ರೋಮು, ಹೊಸ ಸೀಟು, ಕಡಿಮೆ ಓಡಿದ ಮೀಟರು. ಆ ಮೀಟರು ಕ್ಯಾಬಿನ್ನಿನ ವಯಸ್ಸು ಹೇಳುತ್ತದೆ, ಇಂಜಿನ್ನಿನದನ್ನಲ್ಲ. ಬೆಲೆ ನಿಂತಿರುವುದು ಇಂಜಿನ್ ಕೆಲಸದ ಬಿಲ್ಲಿನ ಮೇಲೆ.

ಬಿಲ್ಲಿನಲ್ಲಿ ಮೊದಲು ನೋಡಬೇಕಾದ್ದು ಕೆಲಸ ಎಷ್ಟು ಆಳದ್ದು ಎಂಬುದನ್ನು. ಲೈನರ್ (ಪಿಸ್ಟನ್ ಓಡಾಡುವ ಒಳಕೊಳವೆ), ಪಿಸ್ಟನ್, ರಿಂಗು, ಬೇರಿಂಗ್ ಬದಲಿಸಿದ್ದನ್ನೇ ‘ರೀಬಿಲ್ಟ್’ ಅನ್ನುವವರಿದ್ದಾರೆ. ನಮ್ಮ ಗ್ಯಾರೇಜ್ ಮಾತಲ್ಲಿ ಅದು ಹಾಫ್ ಇಂಜಿನ್ ಕೆಲಸಕ್ಕೆ ಹತ್ತಿರ. ಗ್ಲೈಡರ್‌ಗೆ ಹಾಕುವ ಇಂಜಿನ್ ಹೇಗೂ ಹೊರಗಿರುತ್ತದೆ, ಕ್ರ್ಯಾಂಕ್ ಇಳಿಸದಿರಲು ನೆಪವೇ ಇಲ್ಲ. ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಕೂರುವ ಭಾಗ) ಅಳತೆ, ಬಿರುಕು ಪರೀಕ್ಷೆ, ಮೇನ್ ಬೋರ್ ನೇರವಿದೆಯೇ ಎಂಬ ತಪಾಸಣೆ, ಹೆಡ್ ಪ್ರೆಷರ್ ಟೆಸ್ಟ್, ಕ್ಯಾಮ್ ಲೋಬ್ ಮತ್ತು ರೋಲರ್‌ಗಳ ಸ್ಥಿತಿ, ಮುಂದಿನ ಗೇರ್ ಸಾಲಿನಲ್ಲಿ ಬುಲ್ ಗೇರಿನ ಬೇರಿಂಗ್: ಇವಿಷ್ಟೂ ಅಂಕಿ ಸಮೇತ ಬರೆದಿರಬೇಕು. ‘ಓಕೆ’ ಅಂತ ಟಿಕ್ ಹಾಕಿದ ಕಾಗದ ಕಾಗದವೇ ಅಲ್ಲ.

ಮರೆತು ಬಿಡುವ ಎರಡು ಸಾಮಾನು ಬೇರೆ ಇವೆ. ಒಂದು ಆಯಿಲ್ ಕೂಲರ್. ಹಳೇ ಇಂಜಿನ್ ಬೇರಿಂಗ್ ಕಿತ್ತುಕೊಂಡು ಸತ್ತಿದ್ದರೆ ಲೋಹದ ಚೂರು ಕೂಲರ್‌ನ ಸಂದಿಯಲ್ಲಿ ಕೂತಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಸ ಬೇರಿಂಗ್‌ಗಳಿಗೆ ಅದೇ ಚೂರು ಬಂದು ಸೇರುತ್ತದೆ. ಇನ್ನೊಂದು ಕ್ರ್ಯಾಂಕಿನ ಮುಂತುದಿಯ ವೈಬ್ರೇಷನ್ ಡ್ಯಾಂಪರ್. ಒಳಗಿನ ಸಿಲಿಕೋನ್ ಗಟ್ಟಿಯಾದರೆ ಹೊರಗಿಂದ ನೋಡಿ ಏನೂ ತಿಳಿಯದು, ಕ್ರ್ಯಾಂಕ್ ತಿರುಚುವ ನಡುಕ ಮಾತ್ರ ಹಾಗೇ ಉಳಿಯುತ್ತದೆ. ಎರಡೂ ಹೊಸದೇ ಆಗಿರಬೇಕು.

12.7ರಲ್ಲಿ ಪ್ರತಿ ಸಿಲಿಂಡರಿಗೆ ಯೂನಿಟ್ ಇಂಜೆಕ್ಟರ್ ಹೆಡ್ಡಿನೊಳಗೇ ಕೂರುತ್ತದೆ. ಅದರ ಓ-ರಿಂಗ್ ಸೋತರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಬೇರಿಂಗ್ ಹೋಗುವ ಸೂಚನೆ ಅದು. ಇಂಜೆಕ್ಟರ್ ಟ್ಯೂಬ್ ಸೋರಿದರೆ ಉರಿದ ಗಾಳಿ ನೀರಿಗೆ ಸೇರಿ ರೇಡಿಯೇಟರ್ ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ. ವಾಲ್ವ್ ಲ್ಯಾಶ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದು) ಇಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.008 ಇಂಚು, ಎಕ್ಸಾಸ್ಟ್ 0.026 ಇಂಚು. ಇನ್ನೂ ಹಳೆಯ ಸೀರೀಸ್ 60ಗಳಲ್ಲಿ ಎಕ್ಸಾಸ್ಟ್ 0.020 ಇತ್ತು. ಆದ್ದರಿಂದ ಇಂಜಿನ್ ಸೀರಿಯಲ್ ನಂಬರ್ ನೋಡದೆ ಫೀಲರ್ ಗೇಜ್ ಕೈಗೆ ತೆಗೆದುಕೊಳ್ಳುವುದು ತಪ್ಪು.

ಇದೇ ಲಾರಿ ಕ್ಯಾಟರ್‌ಪಿಲ್ಲರ್ 3406ಇ ಇಂಜಿನ್‌ನಲ್ಲೂ ಸಿಗುತ್ತದೆ. ಘಾಟಿಯಲ್ಲಿ ಎಳೆಯುವ ಶಕ್ತಿ ಅದಕ್ಕೇ ಹೆಚ್ಚು ಎಂಬ ಅಭಿಮಾನಿಗಳ ಮಾತಲ್ಲಿ ಹುರುಳಿದೆ, ದುರಸ್ತಿ ಮಾತ್ರ ದುಬಾರಿ. ಅದರಲ್ಲಿ ಕೇಳಬೇಕಾದ ಒಂದೇ ಅಂಕಿ: ಲೈನರ್ ಮೇಲೆದ್ದು ನಿಲ್ಲುವ ಎತ್ತರ. 0.001ರಿಂದ 0.006 ಇಂಚಿನೊಳಗಿರಬೇಕು, ಪಕ್ಕಪಕ್ಕದ ಲೈನರ್‌ಗಳ ವ್ಯತ್ಯಾಸ 0.002 ದಾಟಬಾರದು. ಲೈನರ್ ಕೂರುವ ಅಂಚು ಸವೆದಿದ್ದರೆ ಕೊರೆದು ಸ್ಟೀಲ್ ರಿಂಗ್ ಹಾಕಬೇಕು. ಅದನ್ನು ಬಿಟ್ಟು ಹೊಸ ಲೈನರ್ ಇಳಿಸಿದರೆ ಲೈನರ್ ಅಲ್ಲಾಡಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಗೇರ್ ಲೆಕ್ಕಕ್ಕೆ ಬರೋಣ. ಮೈಲಿಗೆ 513 ಸುತ್ತುವ ಟೈರು, 0.73 ಓವರ್‌ಡ್ರೈವ್ (ಟಾಪ್ ಗೇರಿನ ಅನುಪಾತ) ಇರುವ 13 ಅಥವಾ 18 ಗೇರಿನ ಈಟನ್ ಫುಲ್ಲರ್ ಬಾಕ್ಸ್ ಇದ್ದರೆ, 65 ಮೈಲಿ ವೇಗದಲ್ಲಿ 3.55 ಅನುಪಾತದ ಹಿಂದಿನ ಆಕ್ಸಲ್ ಇಂಜಿನ್ನನ್ನು ಸುಮಾರು 1,440 ಆರ್‌ಪಿಎಂಗೆ ತರುತ್ತದೆ. 3.36 ಆದರೆ 1,360, 3.70 ಆದರೆ 1,500. ಸೀರೀಸ್ 60ಗೆ 3.55 ಒಗ್ಗುತ್ತದೆ. ಬಯಲಿನ ಹೆದ್ದಾರಿಗೆ 3.36 ಡೀಸೆಲ್ ಉಳಿಸಬಹುದು, ಬೆಟ್ಟದ ದಾರಿಯಲ್ಲಿ ಪದೇಪದೇ ಗೇರ್ ಇಳಿಸಬೇಕಾಗುತ್ತದೆ.

ತಲೆನೋವಿನ ಜಾಗ ವೈರಿಂಗ್. ಹೊಸ ಡ್ಯಾಶ್‌ಬೋರ್ಡಿಗೂ ಹಳೇ ಇಂಜಿನ್ ಕಂಪ್ಯೂಟರಿಗೂ ಭಾಷೆ ಪೂರ್ತಿ ಹೊಂದುವುದಿಲ್ಲ. ನಡುವೆ ಜೋಡಿಸಿದ ಹಾರ್ನೆಸ್ ಚೆನ್ನಾಗಿಲ್ಲದಿದ್ದರೆ ಆಯಿಲ್ ಪ್ರೆಷರ್ ಮುಳ್ಳು ಒಮ್ಮೆ ಇದ್ದಂತೆ, ಒಮ್ಮೆ ಸತ್ತಂತೆ. ಟ್ರಯಲ್ ಹೊಡೆಯುವಾಗ ಕ್ರೂಸ್, ಇಂಜಿನ್ ಬ್ರೇಕ್, ಫ್ಯಾನ್ ಕ್ಲಚ್ ಮೂರನ್ನೂ ಹಾಕಿ ನೋಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ಬಿಸಿ ಮಾಡಿಟ್ಟ ಇಂಜಿನ್ ಎಲ್ಲ ಸುಳ್ಳನ್ನೂ ಮುಚ್ಚುತ್ತದೆ. ಲೋಡ್ ಹಾಕಿ ಓಡಿಸಿದ ಮೇಲೆ ಬ್ರೀದರ್‌ನಿಂದ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಬರುವ ಹೊಗೆ ನೋಡಿ, ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಸೀಸ, ತಾಮ್ರ ಹೆಚ್ಚಿದ್ದರೆ ಬೇರಿಂಗ್, ಸೋಡಿಯಂ ಅಥವಾ ಪೊಟ್ಯಾಸಿಯಂ ಇದ್ದರೆ ಕೂಲೆಂಟ್ ಸೋರಿಕೆ. ಕಟ್ಟಿದ ಹೊಸದರಲ್ಲಿ ಲೋಡ್ ಇಲ್ಲದೆ ಗಂಟೆಗಟ್ಟಲೆ ಐಡಲ್ ಬಿಟ್ಟ ಇಂಜಿನ್‌ಗಳಲ್ಲಿ ಬೋರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಅಂಥವು ಆಯಿಲ್ ಕುಡಿಯುತ್ತಲೇ ಇರುತ್ತವೆ.

ಕಾಗದದ ವಿಷಯದಲ್ಲಿ ಅಮೆರಿಕದ ಸುರಕ್ಷತಾ ನಿಯಮ ಸ್ಪಷ್ಟ: ಇಂಜಿನ್, ಗೇರ್ ಬಾಕ್ಸ್, ಡ್ರೈವ್ ಆಕ್ಸಲ್ ಮೂರೂ ಹಳೆಯವಾಗಿದ್ದು, ಅವುಗಳಲ್ಲಿ ಕನಿಷ್ಠ ಎರಡು ಒಂದೇ ಲಾರಿಯಿಂದ ಬಂದಿದ್ದರೆ ಮಾತ್ರ ಅದು ಹೊಸ ವಾಹನ ಅಲ್ಲ. ಹಾಗಾಗಿ ಭಾಗ ಕೊಟ್ಟ ಲಾರಿಯ ವಿವರ ಫೈಲಿನಲ್ಲಿರಲಿ. ಇಂಜಿನ್ 1999ರ ಮಾಡೆಲ್ ಅಥವಾ ಅದಕ್ಕಿಂತ ಹಳೆಯದಾದರೆ ಡ್ರೈವರ್ ದುಡಿದ ಗಂಟೆ ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಯಂತ್ರದಿಂದ ವಿನಾಯಿತಿ ಇದೆ. ಲೆಕ್ಕಕ್ಕೆ ಬರುವುದು ಇಂಜಿನ್ನಿನ ವರ್ಷ, ಕ್ಯಾಬಿನ್ನಿನದಲ್ಲ. ಕೈಬರಹದ ಲಾಗ್ ಇಡುವುದು ತಪ್ಪುವುದಿಲ್ಲ.

ಹೊಗೆಯ ಮಾತು ಬಿಟ್ಟರೆ ವಿಮರ್ಶೆ ಅರ್ಧ ಸುಳ್ಳಾಗುತ್ತದೆ. 1998ರ ಮಾನದಂಡದಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿ ಪ್ರತಿ ಅಶ್ವಶಕ್ತಿ-ಗಂಟೆಗೆ 4 ಗ್ರಾಂ, 2010ರದ್ದು 0.20 ಗ್ರಾಂ. ಅಂದರೆ 20 ಪಟ್ಟು. ಮಸಿ ಕಣಗಳ ಮಿತಿಯಲ್ಲಿ 10 ಪಟ್ಟು. ಮಾಲೀಕನ ದುರಸ್ತಿ ಖರ್ಚು ಉಳಿಯುವುದು ಈ ವ್ಯತ್ಯಾಸದಿಂದಲೇ, ಅದನ್ನು ಉಸಿರಾಡುವವರು ರಸ್ತೆ ಪಕ್ಕದ ಮನೆಯವರು. ಕ್ಯಾಲಿಫೋರ್ನಿಯಾ 2023ರ ಜನವರಿ 1ರಿಂದ 2010 ಅಥವಾ ಅದರ ನಂತರದ ಮಟ್ಟದ ಇಂಜಿನ್ ಕೇಳುತ್ತದೆ. ಲಾಸ್ ಏಂಜಲೀಸ್ ಅಥವಾ ಓಕ್ಲೆಂಡ್ ಬಂದರಿನ ಲೋಡು ಹೊಡೆಯುವ ಯೋಚನೆ ಇದ್ದರೆ ಈ ಲಾರಿಗೆ ಅಡ್ವಾನ್ಸ್ ಕೊಡಬೇಡಿ.